ಮನೆಯವರ ನೆಗಡಿ ನಾಲ್ಕು ದಿನ, ನನ್ನದು ಮೂರು ವಾರ: ಅಸ್ತಮಾ ಇದ್ದವರಿಗೆ ಹೀಗೇಕೆ?

ಪ್ರಶ್ನೆ: ನನಗೆ 41 ವರ್ಷ, ಸಾಗರದ ಹತ್ತಿರದ ಹಳ್ಳಿ. ಚಿಕ್ಕಂದಿನಿಂದ ಉಬ್ಬಸ ಇದೆ. ಬೇಸಿಗೆಯಲ್ಲಿ ಆರಾಮಾಗಿರುತ್ತೇನೆ, ಆಗ ಇನ್‌ಹೇಲರ್ ಬಿಟ್ಟಿರುತ್ತೇನೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಮಗಳು ನೆಗಡಿ ತಂದಳೆಂದರೆ ಮನೆಮಂದಿಗೆಲ್ಲ ಹಬ್ಬುತ್ತದೆ. ಅವರಿಗೆ ನಾಲ್ಕು ದಿನಕ್ಕೆ ಬಿಡುತ್ತದೆ, ನನಗೆ ಎದೆಗಿಳಿದು ಮೂರು ವಾರ ಕಾಡುತ್ತದೆ. ಕಳೆದ ವರ್ಷ ಮೂರು ಸಲ ಹೀಗಾಯಿತು. ಪ್ರತಿ ಸಲವೂ ಆಂಟಿಬಯಾಟಿಕ್, ಒಂದು ಇಂಜೆಕ್ಷನ್, ಐದು ದಿನದ ಸ್ಟೀರಾಯ್ಡ್ ಮಾತ್ರೆ. ಈಗ ನನ್ನ ಹತ್ತಿರ ಇರುವುದು ನೀಲಿ ಇನ್‌ಹೇಲರ್ ಮತ್ತು ರೋಟಾಹೇಲರ್‌ನಲ್ಲಿ ಎಳೆಯುವ ಸಾಲ್ಮೆಟೆರಾಲ್–ಫ್ಲುಟಿಕಾಸೋನ್ ಕ್ಯಾಪ್ಸೂಲ್. ಸೋಂಕು ಇರುವಾಗ ಸ್ಟೀರಾಯ್ಡ್ ಎಳೆದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎನ್ನುತ್ತಾರೆ, ನಿಜವೇ? ಕಫ ಹಳದಿಯಾದರೆ ಆಂಟಿಬಯಾಟಿಕ್ ಬೇಡವೇ? ಫ್ಲೂ ಲಸಿಕೆ ಹಾಕಿಸಿಕೊಳ್ಳಲೇ? ಮಗಳಿಗೆ ನೆಗಡಿಯಾದಾಗ ನಾನು ಬೇರೆ ಮಲಗಬೇಕೇ?

ಉತ್ತರ: ನಿಮ್ಮ ಪತ್ರದ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ: "ಬೇಸಿಗೆಯಲ್ಲಿ ಆರಾಮಾಗಿರುತ್ತೇನೆ, ಆಗ ಇನ್‌ಹೇಲರ್ ಬಿಟ್ಟಿರುತ್ತೇನೆ." ಜೂನ್‌ನ ನೆಗಡಿ ನಾಲ್ಕು ದಿನದ್ದಾಗುತ್ತದೋ ಮೂರು ವಾರದ್ದಾಗುತ್ತದೋ ಎಂಬುದು ಬಹುಪಾಲು ಏಪ್ರಿಲ್, ಮೇ ತಿಂಗಳಲ್ಲೇ ತೀರ್ಮಾನವಾಗಿರುತ್ತದೆ.

ನಿಮಗೂ ನಿಮ್ಮ ಯಜಮಾನರಿಗೂ ತಗುಲುವುದು ಹೆಚ್ಚಾಗಿ ಒಂದೇ ವೈರಸ್. ದೊಡ್ಡವರಲ್ಲಿ ಅಸ್ತಮಾ ಕೆರಳಿಸುವ ವೈರಸ್‌ಗಳಲ್ಲಿ ಮೊದಲ ಸ್ಥಾನ ಸಾಧಾರಣ ನೆಗಡಿ ತರುವ ರೈನೋವೈರಸ್‌ಗೆ. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಮೆಟಾನ್ಯೂಮೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಕೊರೊನಾವೈರಸ್‌ಗಳು ಅದರ ಹಿಂದೆ ಬರುತ್ತವೆ. ಬ್ರಿಟನ್ನಿನ ಸಂಶೋಧಕರು ಜೊತೆಗೆ ಬಾಳುತ್ತಿದ್ದ 76 ಜೋಡಿಗಳನ್ನು ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಅಸ್ತಮಾ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಅಸ್ತಮಾ ಇದ್ದವರಿಗೆ ರೈನೋವೈರಸ್ ಹೆಚ್ಚು ಸಲವೇನೂ ತಗುಲಲಿಲ್ಲ, ಮೂಗು ಸೋರುವುದೂ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಎದೆಯ ತೊಂದರೆ ಮಾತ್ರ ಅಸ್ತಮಾ ಇದ್ದವರಲ್ಲಿ ಜೋರಾಗಿತ್ತು, ಹೆಚ್ಚು ದಿನ ಉಳಿಯಿತು. ಹಾಗಾಗಿ "ನನಗೆ ಶಕ್ತಿ ಇಲ್ಲ, ಅದಕ್ಕೇ ನೆಗಡಿ ಅಂಟುತ್ತದೆ" ಎಂದು ಕೊರಗಬೇಡಿ. ನೆಗಡಿ ಎಲ್ಲರಿಗೂ ಅಂಟುತ್ತದೆ, ನಿಮ್ಮಲ್ಲಿ ಅದು ಇಳಿಯುವ ಜಾಗ ಮೊದಲೇ ಊದಿಕೊಂಡಿರುತ್ತದೆ.

ಉಬ್ಬಸ ಇಲ್ಲದ ದಿನಗಳಲ್ಲೂ ಶ್ವಾಸನಾಳದ ಒಳಪದರ ಪೂರ್ತಿ ಸರಿಯಾಗಿರುವುದಿಲ್ಲ. ಸಣ್ಣಗೆ ಉರಿಯೂತ ಇದ್ದೇ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಅಲ್ಲಿಗೆ ವೈರಸ್ ಇಳಿದಾಗ ಮೂರು ಸಂಗತಿಗಳು ಕೂಡಿಬರುತ್ತವೆ. ವೈರಸ್ ಹೆಚ್ಚದಂತೆ ತಡೆಯುವ ಇಂಟರ್‌ಫೆರಾನ್ ಎಂಬ ಪ್ರೋಟೀನು ಅಸ್ತಮಾ ಇರುವ ಹಲವರ ಒಳಪದರದಲ್ಲಿ ತಡವಾಗಿ, ಕಡಿಮೆಯಾಗಿ ತಯಾರಾಗುತ್ತದೆ. ಗಾಯಗೊಂಡ ಒಳಪದರ ಹೊರಬಿಡುವ ರಾಸಾಯನಿಕ ಸಂಕೇತಗಳು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತವೆ. ಅವು ನಾಳವನ್ನು ಇನ್ನಷ್ಟು ಊದಿಸುತ್ತವೆ, ಅಂಟು ಕಫ ಹೆಚ್ಚಿಸುತ್ತವೆ. ಇದರ ಜೊತೆಗೆ ನಾಳದ ಸ್ನಾಯುವನ್ನು ಬಿಗಿಯುವ ನರಗಳಿಗೆ ಇರುವ ತಡೆ ಸಡಿಲವಾಗುತ್ತದೆ. ಆಮೇಲೆ ತಣ್ಣನೆ ಗಾಳಿ, ಒಗ್ಗರಣೆಯ ಘಾಟು, ಒಂದು ನಗು ಸಾಕು, ಕೆಮ್ಮು ಶುರು. ಅಲರ್ಜಿಯೂ ಇದ್ದು, ಅದೇ ದಿನಗಳಲ್ಲಿ ಅಲರ್ಜಿಯ ವಸ್ತುವೂ ಎದುರಾದರೆ ತೊಂದರೆ ಹಲವು ಪಟ್ಟು. ಮಲೆನಾಡಿನ ಜೂನ್‌ನಲ್ಲಿ ಶಾಲೆಯಿಂದ ಬರುವ ವೈರಸ್ಸೂ ಗೋಡೆಯ ಬೂಷ್ಟೂ ಒಟ್ಟಿಗೇ ಹಾಜರಾಗುತ್ತವೆ.

ಮೂಗಿನ ನೆಗಡಿ ಎರಡು–ಮೂರನೇ ದಿನ ತುತ್ತತುದಿಗೆ ಹೋಗಿ ಇಳಿಯುತ್ತದೆ. ಎದೆ ಕೆಡುವುದು ಅದರ ಹಿಂದೆಯೇ, ಹೆಚ್ಚಾಗಿ ಎರಡರಿಂದ ಐದನೇ ದಿನದ ನಡುವೆ. ವೈರಸ್ ಹೋದ ಮೇಲೂ ನಾಳದ ಅತಿಸೂಕ್ಷ್ಮತೆ ಕೆಲವು ವಾರ ಉಳಿಯಬಹುದು. ನಿಮ್ಮ ಮೂರು ವಾರದ ಕೆಮ್ಮು ಇದೇ. ಸೋಂಕು ಇನ್ನೂ ಒಳಗೇ ಕೂತಿದೆ ಎಂದಲ್ಲ, ಅದು ಬಿಟ್ಟುಹೋದ ಊತ ಇನ್ನೂ ಇಳಿದಿಲ್ಲ ಎಂದು.

ಸ್ಟೀರಾಯ್ಡ್ ಎಳೆಯುವ ಭಯ

ನೆಗಡಿ ಬಂದಾಗ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸುವುದು ನಾವು ಕಾಣುವ ತಪ್ಪುಗಳಲ್ಲೇ ಅತ್ಯಂತ ದುಬಾರಿಯದು. ತೂಕದ ಲೆಕ್ಕ ನೋಡಿ. ಎಳೆಯುವ ಒಂದು ಡೋಸ್‌ನಲ್ಲಿ ಇರುವುದು ಸುಮಾರು 200 ಮೈಕ್ರೋಗ್ರಾಂ. ಉಬ್ಬಸ ಕೈಮೀರಿದಾಗ ಕೊಡುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಔಷಧಿಗಳಾದ್ದರಿಂದ ನೇರ ಹೋಲಿಕೆ ಸಲ್ಲದು, ಆದರೂ ಅಂತರ ಎಷ್ಟೆಂದು ತಿಳಿಯುತ್ತದೆ. ಮೊದಲನೆಯದು ಬೇಕಾದ ಜಾಗಕ್ಕೇ ಹೋಗುತ್ತದೆ, ಎರಡನೆಯದು ಮೈಯೆಲ್ಲ ಸುತ್ತುತ್ತದೆ. ಸಣ್ಣದಕ್ಕೆ ಹೆದರಿ ನಿಲ್ಲಿಸಿದವರು ವರ್ಷಕ್ಕೆ ಮೂರು ಸಲ ದೊಡ್ಡದನ್ನು ನುಂಗಬೇಕಾಗುತ್ತದೆ. 40 ಮಿ.ಗ್ರಾಂ.ನಂತೆ ಐದು ದಿನವೆಂದರೆ 200 ಮಿ.ಗ್ರಾಂ., ಮೂರು ಸಲಕ್ಕೆ 600. ಜೀವಮಾನದ ಒಟ್ಟು ಪ್ರಮಾಣ 500ರಿಂದ 1,000 ಮಿ.ಗ್ರಾಂ. ತಲುಪುವ ಹೊತ್ತಿಗೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯಂಥ ತೊಂದರೆಗಳ ಅಪಾಯ ಏರತೊಡಗುತ್ತದೆಂದು ಕಂಡುಬಂದಿದೆ. ಎಳೆಯುವ ಸ್ಟೀರಾಯ್ಡ್‌ನಿಂದ ಸಾಮಾನ್ಯವಾಗಿ ಆಗುವುದು ಬಾಯಲ್ಲಿ ಬಿಳಿ ಪದರ, ದನಿ ಒರಟಾಗುವುದು. ಎಳೆದ ಕೂಡಲೇ ಬಾಯಿ ಮುಕ್ಕಳಿಸಿ ಉಗುಳಿದರೆ ಬಿಳಿ ಪದರ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಮಾತು. ಈ ಔಷಧಿ ಉರಿಯೂತವನ್ನು ಪೂರ್ತಿ ಇಳಿಸಲು ವಾರಗಳು ಬೇಕು. ನೆಗಡಿ ಬಂದ ದಿನ ಶುರು ಮಾಡಿದರೆ ಓಟದಲ್ಲಿ ವೈರಸ್ಸೇ ಮುಂದಿರುತ್ತದೆ. ವರ್ಷವಿಡೀ ತೆಗೆದುಕೊಳ್ಳುವುದೇ ಸರಿ. ವರ್ಷಕ್ಕೆ ಮೂರು ಸಲ ಸ್ಟೀರಾಯ್ಡ್ ಮಾತ್ರೆ ಬೇಕಾದವರ ಅಸ್ತಮಾ "ಮಳೆಗಾಲದ ಅಸ್ತಮಾ" ಅಲ್ಲ, ಹತೋಟಿ ತಪ್ಪಿದ ಅಸ್ತಮಾ.

ನಿಮ್ಮ ವೈದ್ಯರ ಹತ್ತಿರ ಕೇಳಬೇಕಾದದ್ದು

ನೀಲಿ ಇನ್‌ಹೇಲರ್‌ನಲ್ಲಿ ಇರುವುದು ಸಾಲ್ಬುಟಮಾಲ್, ಪ್ರತಿ ಪಫ್‌ಗೆ 100 ಮೈಕ್ರೋಗ್ರಾಂ. ಅದು ಬಿಗಿದ ಸ್ನಾಯುವನ್ನು ನಾಲ್ಕೈದು ಗಂಟೆ ಸಡಿಲಿಸುತ್ತದೆ, ಊತವನ್ನು ಮುಟ್ಟುವುದೇ ಇಲ್ಲ. ನೆಗಡಿಯಲ್ಲಿ ಜನ ಮೋಸಹೋಗುವುದು ಇಲ್ಲೇ: ಎಳೆದಾಗ ಹಾಯೆನಿಸುತ್ತದೆ, ಒಳಗೆ ನಾಳ ಊದುತ್ತಲೇ ಇರುತ್ತದೆ. ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ, ಅಂದರೆ ಜೀನಾ, 2019ರಿಂದ ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚುವುದು ಬೇಡ ಎನ್ನುತ್ತಿದೆ. ವರ್ಷಕ್ಕೆ 200 ಪಫ್‌ನ ಮೂರು ಡಬ್ಬಿ ಅಥವಾ ಅದಕ್ಕಿಂತ ಹೆಚ್ಚು ಖಾಲಿಯಾಗುತ್ತಿದ್ದರೆ ಅದೇ ಒಂದು ಎಚ್ಚರಿಕೆ.

ಬುಡೆಸೊನೈಡ್–ಫಾರ್ಮೊಟೆರಾಲ್ 200/6 (ಪಫ್‌ಗೆ ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್ 200 ಮೈಕ್ರೋಗ್ರಾಂ, ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ 6 ಮೈಕ್ರೋಗ್ರಾಂ) ಎಂಬ ಒಂದೇ ಇನ್‌ಹೇಲರ್‌ಗೆ ಬದಲಾಯಿಸಬಹುದೇ ಎಂದು ಕೇಳಿ. ನಿಮ್ಮಂಥವರಿಗೆ ನಾವು ಇದನ್ನೇ ಹೆಚ್ಚು ಮೆಚ್ಚುತ್ತೇವೆ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ, ಆದ್ದರಿಂದ ಇದನ್ನು ದಿನವೂ ಬೆಳಿಗ್ಗೆ–ರಾತ್ರಿ ಒಂದೊಂದು ಪಫ್ ತೆಗೆದುಕೊಂಡು, ಉಬ್ಬಸ ಬಂದಾಗಲೂ ಇದನ್ನೇ ಒಂದು ಪಫ್ ಎಳೆಯಬಹುದು. ನೆಗಡಿ ಎದೆಗಿಳಿದು ಪಫ್ ಹೆಚ್ಚಾದಂತೆಲ್ಲ ಊತ ಇಳಿಸುವ ಔಷಧಿಯೂ ತಾನಾಗಿ ಹೆಚ್ಚುತ್ತದೆ. ದಿನಕ್ಕೆ ಒಟ್ಟು 12 ಪಫ್ ಗರಿಷ್ಠ. ಆದರೆ ಎಂಟು ದಾಟಿತೆಂದರೆ ಅದೇ ದಿನ ವೈದ್ಯರನ್ನು ಕಾಣಿ, ಹನ್ನೆರಡನ್ನು ಮುಟ್ಟುವವರೆಗೆ ಕಾಯಬೇಡಿ. ಡಬ್ಬಿಯ ಮೇಲೆ 400 ಎಂದಿರುವ ಹೆಚ್ಚು ಶಕ್ತಿಯದನ್ನು ಹೀಗೆ ಬೇಕಾದಾಗಲೆಲ್ಲ ಬಳಸಬಾರದು.

ಈಗಿರುವ ಸಾಲ್ಮೆಟೆರಾಲ್–ಫ್ಲುಟಿಕಾಸೋನ್ ಕ್ಯಾಪ್ಸೂಲನ್ನೇ ಮುಂದುವರಿಸುವುದಾದರೆ ಅದನ್ನು ಉಬ್ಬಸ ಬಂದಾಗ ಹೆಚ್ಚುವರಿಯಾಗಿ ಎಳೆಯಬೇಡಿ. ಅದರಲ್ಲಿ ಸ್ನಾಯು ಸಡಿಲಿಸುವ ಸಾಲ್ಮೆಟೆರಾಲ್ ನಿಧಾನದ್ದು, ಡೋಸ್ ಏರಿಸಿದರೆ ಎದೆಬಡಿತ, ಕೈ ನಡುಕ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ, ಅಸ್ತಮಾ ಕೆಡುವ ಸೂಚನೆ ಕಂಡ ಕೂಡಲೇ ಎಳೆಯುವ ಸ್ಟೀರಾಯ್ಡನ್ನು ತಾತ್ಕಾಲಿಕವಾಗಿ ನಾಲ್ಕು ಪಟ್ಟು ಮಾಡಿದವರಲ್ಲಿ ವರ್ಷದೊಳಗೆ ತೀವ್ರ ಉಬ್ಬಸಕ್ಕೆ ಸಿಲುಕಿದವರು 45%, ಹಾಗೆ ಮಾಡದವರಲ್ಲಿ 52%. ಲಾಭ ಸಾಧಾರಣ, ಆದರೆ ಇದೆ. ಇದನ್ನು ಮಾಡಬೇಕಾದದ್ದು ಸ್ಟೀರಾಯ್ಡ್ ಆದ ಫ್ಲುಟಿಕಾಸೋನ್ ಮಾತ್ರ ಇರುವ ಬೇರೆ ಇನ್‌ಹೇಲರ್ ಸೇರಿಸಿ, ಒಂದೆರಡು ವಾರದ ಮಟ್ಟಿಗೆ. ಎಷ್ಟು, ಎಂದಿನಿಂದ, ಎಂದಿನವರೆಗೆ ಎಂಬುದನ್ನು ವೈದ್ಯರಿಂದ ಮೊದಲೇ ಕಾಗದದ ಮೇಲೆ ಬರೆಸಿಕೊಂಡು ಫ್ರಿಜ್ ಬಾಗಿಲಿಗೋ ದೇವರ ಕೋಣೆಯ ಗೋಡೆಗೋ ಅಂಟಿಸಿಡಿ. ರಾತ್ರಿ ಎರಡು ಗಂಟೆಗೆ ಏದುಸಿರಿನಲ್ಲಿ ನೆನಪಿಸಿಕೊಳ್ಳುವುದು ಆಗದ ಕೆಲಸ.

ರೋಟಾಹೇಲರ್ ಬಗ್ಗೆ ಮಳೆಗಾಲದಲ್ಲಿ ವಿಶೇಷ ಎಚ್ಚರ ಬೇಕು. ಪುಡಿ ಒಳಗೆ ಹೋಗುವುದು ನಿಮ್ಮ ಉಸಿರಿನ ಸೆಳೆತದಿಂದಲೇ, ಆದ್ದರಿಂದ ಜೋರಾಗಿ, ಆಳವಾಗಿ ಎಳೆಯಬೇಕು. ಎದೆ ಬಿಗಿದಾಗ ಆ ಸೆಳೆತವೇ ಇರುವುದಿಲ್ಲ, ಪುಡಿ ನಾಲಿಗೆ ಮೇಲೆ ಉಳಿಯುತ್ತದೆ. ಜೊತೆಗೆ ತೇವ. ಬಚ್ಚಲುಮನೆಯ ಗೂಡಿನಲ್ಲಿ, ತೆರೆದ ಡಬ್ಬಿಯಲ್ಲಿ ಇಟ್ಟ ಕ್ಯಾಪ್ಸೂಲಿನ ಪುಡಿ ಗಂಟುಕಟ್ಟುತ್ತದೆ. ಎಳೆಯುವ ಹೊತ್ತಿಗೇ ಕ್ಯಾಪ್ಸೂಲ್ ಹೊರತೆಗೆಯಿರಿ, ಒಣ ಕೈಯಲ್ಲಿ ಮುಟ್ಟಿ, ಸಾಧನದೊಳಕ್ಕೆ ಉಸಿರು ಬಿಡಬೇಡಿ, ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಬಳಸಿ. ತುರ್ತಿಗೆಂದು ಮಾತ್ರ ಡಬ್ಬಿ ಇನ್‌ಹೇಲರ್ ಮತ್ತು ಸ್ಪೇಸರ್ (ಅದರ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬುರುಡೆ) ಮನೆಯಲ್ಲಿ ಇರಲೇಬೇಕು.

ಸ್ಪೇಸರ್ ಬಳಸುವಾಗ ಡಬ್ಬಿ ಚೆನ್ನಾಗಿ ಅಲುಗಾಡಿಸಿ, ಒಂದು ಪಫ್ ಒತ್ತಿ, ನಾಲ್ಕರಿಂದ ಆರು ಸಲ ಸಹಜವಾಗಿ ಉಸಿರಾಡಿ. ಆಮೇಲೆ ಮತ್ತೆ ಅಲುಗಾಡಿಸಿ ಮುಂದಿನ ಪಫ್. ನಾಲ್ಕು ಪಫ್ ಒಟ್ಟಿಗೆ ಒತ್ತಿ ಎಳೆದರೆ ಔಷಧಿಯ ಬಹುಭಾಗ ಒಳಗೋಡೆಗೆ ಅಂಟಿ ವ್ಯರ್ಥ. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿಯನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಸರಿಯಾಗಿ ಬಳಸಿದ ಸ್ಪೇಸರ್ ಸಾಮಾನ್ಯ ಉಬ್ಬಸಕ್ಕೆ ನೆಬ್ಯುಲೈಜರ್‌ನಷ್ಟೇ ಕೆಲಸ ಮಾಡುತ್ತದೆ.

ಅಳೆಯುವುದು, ಮತ್ತು ಯಾವಾಗ ಓಡಬೇಕು

ಪೀಕ್ ಫ್ಲೋ ಮೀಟರ್ ಎಂಬ, ಉಸಿರು ಎಷ್ಟು ರಭಸದಿಂದ ಹೊರಬರುತ್ತದೆಂದು ಅಳೆಯುವ ಪ್ಲಾಸ್ಟಿಕ್ ಕೊಳವೆಯೊಂದನ್ನು ತರಿಸಿಕೊಳ್ಳಿ. ಆರಾಮಾಗಿರುವ ಎರಡು ವಾರ ಬೆಳಿಗ್ಗೆ–ಸಂಜೆ ಮೂರು ಮೂರು ಸಲ ಊದಿ ಅತಿ ಹೆಚ್ಚಿನದನ್ನು ಬರೆದಿಡಿ. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ನಿಮ್ಮ ಅಳತೆಗೋಲು. ಅದು 400 ಎಂದಿಟ್ಟುಕೊಳ್ಳೋಣ. ನೆಗಡಿಯಲ್ಲಿ 320ಕ್ಕಿಂತ ಇಳಿದರೆ, ಅಂದರೆ 80%ಕ್ಕಿಂತ ಕಡಿಮೆಯಾದರೆ, ಬರೆಸಿಕೊಂಡ ಯೋಜನೆ ಶುರುವಾಗಬೇಕು. 240ಕ್ಕಿಂತ ಇಳಿದರೆ, ಅಥವಾ ಎರಡು ದಿನವಾದರೂ ಸುಧಾರಿಸದಿದ್ದರೆ, ಪ್ರೆಡ್ನಿಸೊಲೋನ್ ಬೇಕಾಗಬಹುದು, ವೈದ್ಯರನ್ನು ಕಾಣಿ. 200ಕ್ಕಿಂತ ಕೆಳಗೆ ಎಂದರೆ ತೀವ್ರ ಸ್ಥಿತಿ, ಆಸ್ಪತ್ರೆ.

ಮೀಟರ್ ಇಲ್ಲದಿದ್ದರೂ ಮೈ ಹೇಳುತ್ತದೆ. ಒಂದು ಪೂರ್ತಿ ವಾಕ್ಯ ಆಡಲಾಗದಷ್ಟು ಏದುಸಿರು, ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು, 120 ದಾಟಿದ ನಾಡಿ, ಆಕ್ಸಿಮೀಟರ್‌ನಲ್ಲಿ 92ಕ್ಕಿಂತ ಕಡಿಮೆ, ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ನೆಟ್ಟಗೆ ಕೂತು ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ನಾಲ್ಕರಿಂದ ಹತ್ತು ಪಫ್, ಒಂದೊಂದಾಗಿ. ಬೇಕಾದರೆ 20 ನಿಮಿಷಕ್ಕೊಮ್ಮೆ ಹಾಗೇ. ಸುಂಯ್‌ಗುಟ್ಟುವ ಸದ್ದು ನಿಂತಿತು, ಆದರೆ ಮನುಷ್ಯ ಬಳಲಿ ತೂಕಡಿಸುತ್ತಿದ್ದಾನೆ ಎಂದರೆ ಅದು ಗುಣವಾದ ಲಕ್ಷಣವಲ್ಲ. ಸದ್ದು ಮಾಡುವಷ್ಟೂ ಗಾಳಿ ಆಡುತ್ತಿಲ್ಲ ಎಂದು ಅರ್ಥ. ಮನೆಯವರಿಗೆಲ್ಲ ಇದೊಂದನ್ನು ತಿಳಿಸಿಡಿ. ಹಳ್ಳಿಯಿಂದ ಆಸ್ಪತ್ರೆ ದೂರವಿದ್ದರೆ, ಮಳೆಗೆ ದಾರಿ ಕಟ್ಟಾಗುವ ಸಂಭವವಿದ್ದರೆ, ಒಂದು ಹೆಜ್ಜೆ ಮೊದಲೇ ಹೊರಡಿ.

ಸ್ಟೀರಾಯ್ಡ್ ಮಾತ್ರೆ ಬೇಕೆಂದಾದಾಗ ಹಿಂಜರಿಯಬೇಡಿ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 40ರಿಂದ 50 ಮಿ.ಗ್ರಾಂ., ಬೆಳಿಗ್ಗೆ ತಿಂಡಿಯ ನಂತರ ಒಂದೇ ಸಲ, ಐದರಿಂದ ಏಳು ದಿನ. ಇಷ್ಟು ಕಡಿಮೆ ಅವಧಿಗೆ ಡೋಸ್ ಹಂತಹಂತವಾಗಿ ಇಳಿಸಬೇಕಿಲ್ಲ. ಎರಡು ದಿನಕ್ಕೆ ಹಗುರಾಯಿತೆಂದು ನಿಲ್ಲಿಸಿ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುವವರೇ ವಾರದೊಳಗೆ ಮತ್ತೆ ಉಬ್ಬಸದೊಂದಿಗೆ ಬರುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಮಧ್ಯಾಹ್ನ, ಸಂಜೆ ಸಕ್ಕರೆ ಏರುತ್ತದೆ, ಆಗಲೇ ಪರೀಕ್ಷಿಸಿಕೊಳ್ಳಿ.

ಹಳದಿ ಕಫ

ಕಫಕ್ಕೆ ಹಳದಿ, ಹಸಿರು ಬಣ್ಣ ಬರುವುದು ಬಿಳಿ ರಕ್ತಕಣಗಳಲ್ಲಿರುವ ಕಿಣ್ವಗಳಿಂದ. ಬ್ಯಾಕ್ಟೀರಿಯಾ ಇಲ್ಲದ ವೈರಸ್ ಸೋಂಕಿನಲ್ಲೂ, ಬರೀ ಅಸ್ತಮಾದಲ್ಲೂ ಅದು ಕಾಣುತ್ತದೆ. ಹಾಗಾಗಿ ಬಣ್ಣ ನೋಡಿ ಆಂಟಿಬಯಾಟಿಕ್ ನಿರ್ಧರಿಸಬಾರದು. ಕೆರಳಿದ ಅಸ್ತಮಾಕ್ಕೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸೇರಿಸಿ ನೋಡಿದ ಬ್ರಿಟನ್ನಿನ ಅಧ್ಯಯನದಲ್ಲಿ (2016) ಲಾಭ ಕಾಣಲಿಲ್ಲ. ನಿಮಗೆ ಕಳೆದ ವರ್ಷ ಮೂರು ಸಲವೂ ಗುಣ ಕೊಟ್ಟದ್ದು ಜೊತೆಗಿದ್ದ ಸ್ಟೀರಾಯ್ಡ್ ಮಾತ್ರೆ, ಹೆಸರು ಬಂದದ್ದು ಆಂಟಿಬಯಾಟಿಕ್‌ಗೆ. ಚಳಿ ನಡುಕದ ಜ್ವರ, ಉಸಿರೆಳೆದಾಗ ಎದೆಯ ಒಂದೇ ಕಡೆ ಚುಚ್ಚುವ ನೋವು, ತುಕ್ಕಿನ ಬಣ್ಣದ ಕಫ, ಇಳಿದ ಜ್ವರ ಮತ್ತೆ ಏರುವುದು, ಇವಿದ್ದರೆ ನ್ಯುಮೋನಿಯಾ ಇರಬಹುದು. ಆಗ ಎಕ್ಸ್‌ರೇ, ಆಗ ಆಂಟಿಬಯಾಟಿಕ್.

ಉಬ್ಬಸಕ್ಕೆಂದು ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಿರುವವರು ಇದನ್ನು ಗಮನಿಸಿ: ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ಏರಿಸುತ್ತವೆ. ವಾಂತಿ, ಎದೆಬಡಿತದಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಹಿಂದೆ ಮೂಗು ಕಟ್ಟಿ ಉಬ್ಬಸ ಬಂದಿದ್ದರೆ, ಅಥವಾ ಮೂಗಿನೊಳಗೆ ಪಾಲಿಪ್ (ಮೆತ್ತನೆಯ ಗಂಟು) ಇದ್ದರೆ, ಅವುಗಳನ್ನು ಮುಟ್ಟಬೇಡಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಜೋಡಿ ಮಾತ್ರೆಗಳಲ್ಲೂ ಇವು ಅಡಗಿರುತ್ತವೆ. ಹಬೆ ತೆಗೆದುಕೊಂಡರೆ ಮೂಗಿಗೆ ಹಿತ, ಶ್ವಾಸನಾಳದ ಊತಕ್ಕೆ ಏನೂ ಇಲ್ಲ, ಕರ್ಪೂರ–ನೀಲಗಿರಿ ಎಣ್ಣೆಯ ಘಾಟು ಕೆಲವರಿಗೆ ಉಬ್ಬಸವನ್ನೇ ತರುತ್ತದೆ. ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತವೆನಿಸಿದರೆ ಕುಡಿಯಿರಿ. ಜ್ಯೇಷ್ಠಮಧು ಮಾತ್ರ ದಿನಗಟ್ಟಲೆ ಹೆಚ್ಚು ಹಾಕಬೇಡಿ, ಅದು ಪೊಟ್ಯಾಸಿಯಂ ಇಳಿಸುತ್ತದೆ, ಸಾಲ್ಬುಟಮಾಲ್ ಮತ್ತು ಪ್ರೆಡ್ನಿಸೊಲೋನ್ ಕೂಡ ಅದನ್ನೇ ಮಾಡುತ್ತವೆ. ಬಚ್ಚಲ ಒಲೆಯ ಹೊಗೆ, ಸೊಳ್ಳೆ ಬತ್ತಿ, ಧೂಪ ಇವುಗಳಿಂದ ಆ ಮೂರು ವಾರ ದೂರ ಇರಿ. ಹಂಡೆಗೆ ಬೆಂಕಿ ಹಾಕುವ ಕೆಲಸ ಮನೆಯ ಬೇರೆಯವರು ನೋಡಿಕೊಳ್ಳಲಿ.

ಲಸಿಕೆ

ಖಂಡಿತ ಹಾಕಿಸಿಕೊಳ್ಳಿ. ಕರ್ನಾಟಕದಲ್ಲಿ ಇನ್‌ಫ್ಲುಯೆಂಜಾ ಹೆಚ್ಚುವುದು ಮಳೆಗಾಲದಲ್ಲಿ. ರಕ್ಷಣೆ ಬರಲು ಎರಡು ವಾರ ಬೇಕು, ಆದ್ದರಿಂದ ಏಪ್ರಿಲ್–ಮೇ ಸರಿಯಾದ ಸಮಯ. ಪ್ರತಿ ವರ್ಷವೂ ಬೇಕು, ಏಕೆಂದರೆ ವೈರಸ್ ಬದಲಾಗುತ್ತದೆ, ರಕ್ಷಣೆಯೂ ಕುಗ್ಗುತ್ತದೆ. ತೋಳಿಗೆ ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಮೂಗಿಗೆ ಸಿಂಪಡಿಸುವ ಬಗೆ ನಿಮಗೆ ಬೇಡ. ಫ್ಲೂ ಲಸಿಕೆ ರೈನೋವೈರಸ್ ನೆಗಡಿಯನ್ನು ತಡೆಯದು, ಆದರೆ ಅಸ್ತಮಾ ಇರುವವರಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚಿರುವ ಫ್ಲೂವನ್ನು ತಗ್ಗಿಸುತ್ತದೆ. ಲಸಿಕೆ ಆಗಿದ್ದರೂ ಹಠಾತ್ ಜೋರು ಜ್ವರ, ಮೈಯೆಲ್ಲ ನೋವು ಬಂದರೆ 48 ಗಂಟೆಯೊಳಗೆ ವೈದ್ಯರಲ್ಲಿಗೆ ಹೋಗಿ. ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ (75 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಐದು ದಿನ) ಬೇಗ ಶುರುವಾದಷ್ಟೂ ಒಳ್ಳೆಯದು. ಎಳೆಯುವ ಫ್ಲೂ ಔಷಧಿ ಜನಾಮಿವಿರ್ ಅಸ್ತಮಾ ಇರುವವರಿಗೆ ಸಲ್ಲದು, ನಾಳವನ್ನು ಬಿಗಿಯಬಹುದು.

ಕೊನೆಯದಾಗಿ ಮಗಳ ವಿಷಯ. ಬೇರೆ ಮಲಗಬೇಕಿಲ್ಲ. ಅವಳ ಮೂಗು ಸೋರುವ ಹೊತ್ತಿಗೆ ನೀವಿಬ್ಬರೂ ಒಂದೇ ಗಾಳಿ, ಒಂದೇ ಟವೆಲ್ ಹಂಚಿಕೊಂಡಾಗಿರುತ್ತದೆ. ಅವಳ ಮೂಗು ಒರೆಸಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಟವೆಲ್ ಬೇರೆ ಮಾಡಿ, ಮಳೆ ಬಿಟ್ಟಾಗ ಕಿಟಕಿ ತೆರೆಯಿರಿ. ಇದಕ್ಕಿಂತ ಮುಖ್ಯವಾದದ್ದು, ಅವಳ ನೆಗಡಿ ನಿಮಗೆ ಒಂದೆರಡು ದಿನದ ಮುನ್ಸೂಚನೆ ಕೊಡುತ್ತದೆ. ಅವಳು ಮೊದಲು ಸೀನಿದ ದಿನವೇ ಇನ್‌ಹೇಲರ್‌ನ ಡೋಸ್ ಕೌಂಟರ್ ನೋಡಿ, 30ಕ್ಕಿಂತ ಕಡಿಮೆ ಇದ್ದರೆ ಹೊಸದು ತರಿಸಿ. ಬಿಟ್ಟುಹೋದ ಡೋಸ್‌ಗಳಿದ್ದರೆ ಆ ರಾತ್ರಿಯಿಂದಲೇ ಸರಿಪಡಿಸಿ, ಬೆಳಿಗ್ಗೆ–ಸಂಜೆ ಪೀಕ್ ಫ್ಲೋ ಬರೆಯಲು ಶುರು ಮಾಡಿ.